ಆ್ಯಪ್‌ನ ಬೆಲೆ, ಕಸುಬಿನ ಹೆಸರು

ಸಾಮಾಜಿಕ ಜಾಲತಾಣದ ಕಂಪನಿಗೆ ಬೆಲೆ ಬರುವುದು ಅಲ್ಲಿ ನೆರೆದ ಜನರಿಂದ. ಜನ ಚದುರಿದರೆ ಬೆಲೆಯೂ ಕರಗುತ್ತದೆ. 2005ರಲ್ಲಿ 58 ಕೋಟಿ ಡಾಲರಿನ ವ್ಯವಹಾರದಲ್ಲಿ ಮಾರಾಟವಾದ ಮೈಸ್ಪೇಸ್, 2011ರಲ್ಲಿ ಸುಮಾರು 3.5 ಕೋಟಿಗೆ ಮತ್ತೆ ಕೈಬದಲಾಯಿತು. ಸಂಗೀತಗಾರರು 2015ರವರೆಗೆ ಅಲ್ಲಿ ಏರಿಸಿದ್ದ ಹಾಡುಗಳು ಅಳಿಸಿಹೋಗಿರಬಹುದೆಂದು ಕಂಪನಿಯೇ 2019ರಲ್ಲಿ ಒಪ್ಪಿಕೊಂಡಿತು. ಅವರ ನಷ್ಟವೇ ದೊಡ್ಡದು. ಬೆಂಗಳೂರಿನ ಸಾಮಾಜಿಕ ಜಾಲತಾಣ ‘ಕೂ’ 2020ರಲ್ಲಿ ಕನ್ನಡದಿಂದಲೇ ಆರಂಭವಾಗಿ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಟಿಕ್‌ಟಾಕ್ 2020ರ ಜೂನ್‌ನಲ್ಲಿ ಸರ್ಕಾರದ ಒಂದೇ ಆದೇಶಕ್ಕೆ ಭಾರತದಲ್ಲಿ ನಿಂತುಹೋಯಿತು.

ಮಿರಜದ ಸಿತಾರ್, ತಂಬೂರಿ ತಯಾರಕರೂ ಸಾಂಗಲಿಯ ಅರಿಶಿನ ವರ್ತಕರೂ ಆ್ಯಪ್‌ಗಳ ಈ ಅಸ್ಥಿರತೆಯನ್ನು ಗಮನಿಸಬೇಕು. ಅವರ ಹೆಸರು ತಲೆಮಾರುಗಳ ದುಡಿಮೆಯಿಂದ ಬಂದದ್ದು. ಸಾಂಗಲಿ ಅರಿಶಿನಕ್ಕೆ 2018ರಲ್ಲಿ, ಮಿರಜದ ವಾದ್ಯಗಳಿಗೆ 2024ರಲ್ಲಿ ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ದೊರೆತಿದೆ; ಯಾವ ಆ್ಯಪ್ ಮುಚ್ಚಿದರೂ ಅದು ಹೋಗದು. ವಾದ್ಯದ ನಾದವನ್ನು ವಿಡಿಯೊದಲ್ಲಿ ಕೇಳಿಸಿ ದೂರದ ಗಿರಾಕಿಯನ್ನು ಸೆಳೆಯುವುದು ಒಳ್ಳೆಯದೇ, ಮಾಡಲೇಬೇಕಾದದ್ದು ಕೂಡ. ಆದರೆ ಬಂದ ಗಿರಾಕಿಯ ಫೋನ್ ನಂಬರು, ವಿಳಾಸ ಅಂಗಡಿಯ ಪುಸ್ತಕದಲ್ಲಿರಲಿ. ವಿಡಿಯೊ, ಫೋಟೊಗಳ ಮೂಲಪ್ರತಿ ಸ್ವಂತ ಹಾರ್ಡ್ ಡಿಸ್ಕಿನಲ್ಲಿರಲಿ. ಸಾಧ್ಯವಾದರೆ ಅಂಗಡಿಯ ಹೆಸರಿನದೇ ಒಂದು ವೆಬ್‌ಸೈಟ್ ಇರಲಿ. ಆ್ಯಪ್‌ನಲ್ಲಿರುವ ಫಾಲೋವರ್‌ಗಳ ಪಟ್ಟಿ ಕಂಪನಿಯ ಹಿಡಿತದಲ್ಲಿರುತ್ತದೆ. ಕಂಪನಿ ಮುಳುಗಿದ ದಿನ ಅದೂ ಹೋಗುತ್ತದೆ.