ಬೇಟೆ ಕೈಗೆಟಕುವಾಗ

ಇಶಾ ನಮಾಝ್ ಮುಗಿಸಿ ತುಮಕೂರಿನ ಮಸೀದಿಯೊಂದರ ಮೆಟ್ಟಿಲಿಳಿಯುತ್ತಿದ್ದಾಗ ಗುಬ್ಬಿಯ ಕಡೆಯ ಯುವಕನೊಬ್ಬ ಬಂದು ಸಲಾಮ್ ಹೇಳಿದ. ಅವನ ಮುಖದಲ್ಲಿ ಸಂಕೋಚವಿತ್ತು. "ಚಾಚಾ, ನಮ್ಮ ಮಾಮೂ ಬಿದಿರಿನ ಬಿಲ್ಲಿನಿಂದ ಮೊಲ ಹೊಡೆದು ತಂದಿದ್ದಾರೆ. ಬಾಣ ಬಿಡುವಾಗ ಬಿಸ್ಮಿಲ್ಲಾಹ್ ಹೇಳಿದ್ದಾರೆ. ಮೊಲ ಹಲಾಲ್ ಪ್ರಾಣಿಯೇ ಅಲ್ಲವೇ? ಆದರೆ ಅಮ್ಮ ಅಡುಗೆಮನೆಗೆ ಸೇರಿಸಲು ಒಪ್ಪುತ್ತಿಲ್ಲ. ಯಾರು ಸರಿ?" ಎಂದು ಕೇಳಿದ.

ಪ್ರಶ್ನೆ ಚಿಕ್ಕದು. ಆದರೆ ಒಂದು ಮಾತಿನಲ್ಲಿ ಉತ್ತರ ಹೇಳಿ ಕಳುಹಿಸುವಂಥದ್ದಲ್ಲ. ಬಿಲ್ಲು, ಬಾಣ ಮತ್ತು ಬೇಟೆಯ ಕುರಿತು ನಮ್ಮ ಧರ್ಮ ಏನನ್ನು ಕಲಿಸಿದೆ ಎಂಬುದನ್ನು ಮೊದಲು ತಿಳಿಯೋಣ.

ಬಿಲ್ಲುಗಾರಿಕೆಯ ಸ್ಥಾನ

ಇಸ್ಲಾಮ್ ಬಿಲ್ಲುಗಾರಿಕೆಯನ್ನು ಗೌರವಿಸಿದೆ. ಅಲ್ ಅನ್‌ಫಾಲ್ ಅಧ್ಯಾಯದ 60ನೇ ಸೂಕ್ತದಲ್ಲಿ ಬರುವ 'ಶಕ್ತಿ' ಎಂಬ ಪದವನ್ನು ಪ್ರವಾದಿವರ್ಯರು(ಸ) ಬಾಣವಿದ್ಯೆ ಎಂದು ವಿವರಿಸಿದ್ದಾರೆ. ಅಸ್ಲಮ್ ಗೋತ್ರದ ಯುವಕರು ಗುರಿ ಅಭ್ಯಾಸ ಮಾಡುತ್ತಿದ್ದಾಗ ಅವರನ್ನು ಹುರಿದುಂಬಿಸಿ, ಪ್ರವಾದಿ ಇಸ್ಮಾಈಲ್(ಅ) ಕೂಡ ಬಿಲ್ಲುಗಾರರಾಗಿದ್ದರೆಂದು ನೆನಪಿಸಿದರು. ಈ ವಿದ್ಯೆಯನ್ನು ಕಲಿತು ಬಿಟ್ಟುಬಿಡುವವರನ್ನು ಎಚ್ಚರಿಸಿದರು.

ಆದರೆ ಉಹುದ್‌ನ ಪಾಠವನ್ನು ಮರೆಯಬಾರದು. ಹಿಜರಿ 3ರಲ್ಲಿ ಹ. ಅಬ್ದುಲ್ಲಾಹ್ ಬಿನ್ ಜುಬೈರ್(ರ) ಅವರ ನಾಯಕತ್ವದಲ್ಲಿ 50 ಬಿಲ್ಲುಗಾರರನ್ನು ಗುಡ್ಡದ ಮೇಲೆ ನಿಲ್ಲಿಸಿ, ಏನೇ ಆದರೂ ಜಾಗ ಬಿಡಬಾರದೆಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದ್ದರು. ಅವರ ಗುರಿ ತಪ್ಪಲಿಲ್ಲ. ಕಣ್ಣೆದುರು ಯುದ್ಧದ ಸೊತ್ತು ಕಂಡಾಗ ಹೆಚ್ಚಿನವರ ಸಂಯಮ ತಪ್ಪಿತು. ಬಿಲ್ಲುಗಾರನಿಗೆ ಬೇಕಾದ ಮೊದಲ ಗುಣ ಕೈಯ ಬಲವಲ್ಲ, ಮನಸ್ಸಿನ ಹಿಡಿತ.

ಬಾಣದ ಬೇಟೆಯ ನಿಯಮಗಳು

ಹ. ಅದಿಯ್ಯ್ ಬಿನ್ ಹಾತಿಮ್(ರ) ಬೇಟೆಯಲ್ಲಿ ನುರಿತವರು. ಅವರು ಪ್ರವಾದಿವರ್ಯರ(ಸ) ಬಳಿ ಒಂದೊಂದಾಗಿ ಸಂದೇಹ ಕೇಳಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಬಂದಿರುವ ಆ ಉತ್ತರಗಳ ಸಾರ ಹೀಗಿದೆ:

ಒಂದು, ಬಾಣ ಬಿಡುವ ಮುನ್ನ ಅಲ್ಲಾಹನ ಹೆಸರು ಹೇಳಬೇಕು.

ಎರಡು, ಬಾಣದ ಮೊನೆ ಚುಚ್ಚಿ ಗಾಯವಾಗಿ ಪ್ರಾಣ ಹೋಗಿರಬೇಕು. ಬಾಣ ಅಡ್ಡಡ್ಡ ಬಡಿದು ಅದರ ಪೆಟ್ಟಿಗೆ ಸತ್ತರೆ ಅದು ಹೊಡೆತದಿಂದ ಸತ್ತ ಪ್ರಾಣಿ, ತಿನ್ನಬಾರದು.

ಮೂರು, ಬಾಣ ತಗಲಿದ ಪ್ರಾಣಿ ನೀರಿನಲ್ಲಿ ಸತ್ತು ಬಿದ್ದಿದ್ದರೆ ಬಿಟ್ಟುಬಿಡಬೇಕು. ಕೊಂದದ್ದು ಬಾಣವೋ ನೀರೋ ಗೊತ್ತಿಲ್ಲ.

ನಾಲ್ಕು, ಒಂದೆರಡು ದಿನ ಕಳೆದು ಸಿಕ್ಕರೂ ತನ್ನ ಬಾಣದ ಗುರುತು ಮಾತ್ರ ಇದ್ದರೆ ತಿನ್ನಬಹುದು. ಕೊಳೆತು ನಾರುತ್ತಿದ್ದರೆ ಬೇಡವೆಂದು ಇನ್ನೊಂದು ಹದೀಸ್‌ನಲ್ಲಿದೆ.

ಇವುಗಳ ಜೊತೆ, ಪ್ರಾಣಿ ಜೀವಂತವಾಗಿ ಕೈಗೆ ಸಿಕ್ಕರೆ ಝಿಬಹ್ ಮಾಡಲೇಬೇಕೆಂದು ವಿದ್ವಾಂಸರು ಹೇಳುತ್ತಾರೆ.

ಈ ನಿಯಮಗಳಲ್ಲಿ ಒಂದು ಸಾಮಾನ್ಯ ಎಳೆಯನ್ನು ನೋಡಿರಿ. ಸಂದೇಹ ಬಂದಾಗ ಬಿಟ್ಟುಬಿಡು. ಹಸಿದ ಹೊಟ್ಟೆಯ ಮುಂದೆ ಬಿದ್ದಿರುವ ಮಾಂಸವನ್ನು ಸಂದೇಹದ ಕಾರಣಕ್ಕೆ ಬಿಟ್ಟು ನಡೆಯಲು ಕಲಿಸುವ ಧರ್ಮ ನಮ್ಮದು.

ಇನ್ನು ಮಕ್ಕಳ ವಿಷಯ. ಕ್ಯಾಟರ್‌ಬಿಲ್ಲು ಹಿಡಿದು ಕೆರೆ ಏರಿಯ ಮೇಲೆ ಹಕ್ಕಿಗಳ ಹಿಂದೆ ಓಡುವ ಹುಡುಗರನ್ನು ನಾವು ನಕ್ಕು ಸುಮ್ಮನೆ ಬಿಡುತ್ತೇವೆ. ಬೆರಳಿನಿಂದ ಕಲ್ಲು ಚಿಮ್ಮಿಸುವುದನ್ನು ಪ್ರವಾದಿವರ್ಯರು(ಸ) ತಡೆದಿದ್ದರು. ಅದರಿಂದ ಬೇಟೆಯೂ ಸಿಗದು, ಶತ್ರುವೂ ಸೋಲನು. ಯಾರದೋ ಹಲ್ಲು ಮುರಿದೀತು, ಕಣ್ಣು ಹೋದೀತು ಎಂಬುದು ಅವರ ವಿವರಣೆ. ಕಲ್ಲಿನ ಪೆಟ್ಟಿಗೆ ಸತ್ತ ಹಕ್ಕಿ ಹೇಗೂ ಹಲಾಲ್ ಅಲ್ಲ. ಹಕ್ಕಿಯನ್ನು ಕಟ್ಟಿಹಾಕಿ ಗುರಿ ಇಡುತ್ತಿದ್ದ ಯುವಕರನ್ನು ಕಂಡು ಹ. ಇಬ್ನು ಉಮರ್(ರ) ಕಟುವಾಗಿ ಖಂಡಿಸಿದರು. ಜೀವವಿರುವ ಯಾವುದನ್ನೂ ಆಟದ ಗುರಿಯಾಗಿ ಮಾಡುವವರನ್ನು ಪ್ರವಾದಿವರ್ಯರು(ಸ) ಶಪಿಸಿದ್ದಾರೆಂದು ಅವರು ಹೇಳಿದರು.

ಬೇಟೆಗೂ ಮೇರೆಯಿದೆ

ಬೇಟೆ ಮೂಲತಃ ಅನುಮತಿಸಲ್ಪಟ್ಟ ಕೆಲಸ. ಆದರೆ ಎಲ್ಲೆಡೆ, ಎಲ್ಲ ಕಾಲದಲ್ಲೂ ಅಲ್ಲ. ಇಹ್ರಾಮ್ ಧರಿಸಿದವನಿಗೆ ಕಾಡುಪ್ರಾಣಿಗಳ ಬೇಟೆ ನಿಷಿದ್ಧ. ಮಕ್ಕಾದ ಹರಮ್‌ನಲ್ಲಿ ಯಾರಿಗೂ ಯಾವಾಗಲೂ ನಿಷಿದ್ಧ. ಮದೀನಾದ ಸುತ್ತಲಿನ ನಿರ್ದಿಷ್ಟ ಪ್ರದೇಶದಲ್ಲೂ ಬೇಟೆಯಾಡಬಾರದು, ಮರ ಕಡಿಯಬಾರದು ಎಂದು ಪ್ರವಾದಿವರ್ಯರು(ಸ) ಗಡಿ ಹಾಕಿದರು. ಕಾಡು, ಪ್ರಾಣಿಗಳಿಗೆ ರಕ್ಷಣೆ ಕೊಡುವುದು ನಿನ್ನೆ ಮೊನ್ನೆ ಹುಟ್ಟಿದ ವಿಚಾರವೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಅಲ್ ಮಾಇದಃ ಅಧ್ಯಾಯದ 94ನೇ ಸೂಕ್ತ ಇಲ್ಲಿ ನಮ್ಮ ಹೃದಯವನ್ನು ತಟ್ಟಬೇಕು. ನಿಮ್ಮ ಕೈಗಳಿಗೂ ಈಟಿಗಳಿಗೂ ಸುಲಭವಾಗಿ ಎಟಕುವ ಬೇಟೆಯ ಮೂಲಕ ಅಲ್ಲಾಹನು ನಿಮ್ಮನ್ನು ಪರೀಕ್ಷಿಸುವನು, ಕಣ್ಣಿಗೆ ಕಾಣದ ಅವನನ್ನು ಯಾರು ಭಯಪಡುತ್ತಾರೆಂದು ತೋರಿಬರಲಿ ಎಂಬುದು ಅದರ ಆಶಯ. ಹುದೈಬಿಯಾದ ಸಂದರ್ಭದಲ್ಲಿ ಇಹ್ರಾಮ್‌ನಲ್ಲಿದ್ದ ಸಹಾಬಿಗಳ ಡೇರೆಗಳ ನಡುವೆಯೇ ಪ್ರಾಣಿ ಪಕ್ಷಿಗಳು ಬಂದವೆಂದು ವ್ಯಾಖ್ಯಾನಕಾರರು ಬರೆದಿದ್ದಾರೆ. ಸಿಗದ ಬೇಟೆಯನ್ನು ಬಿಡುವುದು ತಖ್ವಾ ಅಲ್ಲ. ಬಾಣದ ಅಳತೆಯಲ್ಲಿ ನಿಂತ ಬೇಟೆಯನ್ನು ಬಿಡುವುದು ತಖ್ವಾ.

ಹ. ಅಬೂ ಖತಾದಃ(ರ) ಅವರ ಘಟನೆಯೂ ಕೇಳತಕ್ಕದ್ದು. ಜೊತೆಗಾರರು ಇಹ್ರಾಮ್‌ನಲ್ಲಿದ್ದರು, ಅವರು ಇರಲಿಲ್ಲ. ಕಾಡುಕತ್ತೆ ಕಂಡಾಗ ಅವರು ಕುದುರೆ ಏರಿ, ಕೆಳಗಿದ್ದ ಆಯುಧವನ್ನು ಎತ್ತಿಕೊಡಿರೆಂದು ಕೇಳಿದರು. ಜೊತೆಗಾರರು ಒಪ್ಪಲಿಲ್ಲ. ಅವರೇ ಇಳಿದು ತೆಗೆದುಕೊಂಡು ಬೇಟೆಯಾಡಿದರು. ಆಮೇಲೆ ಪ್ರವಾದಿವರ್ಯರು(ಸ), ನಿಮ್ಮಲ್ಲಿ ಯಾರಾದರೂ ಅದನ್ನು ತೋರಿಸಿಕೊಟ್ಟಿರಾ, ನೆರವಾದಿರಾ ಎಂದು ವಿಚಾರಿಸಿ, ಇಲ್ಲವೆಂದ ಮೇಲೆಯೇ ತಿನ್ನಲು ಹೇಳಿದರು. ನಿಷಿದ್ಧ ಬೇಟೆಯಲ್ಲಿ ಬೆರಳು ತೋರಿಸಿದವನಿಗೂ ಪಾಲಿದೆ. ಹಾಗಾದರೆ ಕದ್ದು ಹೊಡೆದ ಮಾಂಸವನ್ನು ಕೊಂಡು ತರುವವನಿಗೆ ಪಾಲಿಲ್ಲವೇ?

ನಮ್ಮ ನೆಲದ ಕಾನೂನು

ಈಗ ಗುಬ್ಬಿಯ ಯುವಕನ ಪ್ರಶ್ನೆಗೆ ಬರೋಣ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿದೆ. 1991ರ ತಿದ್ದುಪಡಿ ಬೇಟೆಯ ಪರವಾನಗಿ ಪದ್ಧತಿಯನ್ನೇ ತೆಗೆದುಹಾಕಿತು. ಮೊಲ, ಗೌಜಲಕ್ಕಿ, ಕಾಡುಹಂದಿಗಳೂ ಈ ಕಾಯ್ದೆಯ ರಕ್ಷಣೆಯಲ್ಲಿವೆ. ಕಾಯ್ದೆಯ ಪ್ರಕಾರ ಕೊಲ್ಲುವುದು ಮಾತ್ರ ಬೇಟೆಯಲ್ಲ. ಉರುಳು ಹಾಕುವುದು, ಬಲೆಗೆ ಓಡಿಸುವುದು, ಹಕ್ಕಿಯ ಗೂಡು ಮತ್ತು ಮೊಟ್ಟೆ ಹಾಳುಮಾಡುವುದು, ಇವುಗಳ ಪ್ರಯತ್ನವೂ ಬೇಟೆಯೇ. ಕೋವಿಯಾದರೂ ಒಂದೇ, ಬಿದಿರಿನ ಬಿಲ್ಲಾದರೂ ಒಂದೇ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನವಿಲು, ಕೃಷ್ಣಮೃಗದಂತಹ ಮೊದಲ ಪಟ್ಟಿಯ ಪ್ರಾಣಿಯಾದರೆ 3ರಿಂದ 7 ವರ್ಷ ಸೆರೆ, ಜೊತೆಗೆ 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಒಂದು ಹೊತ್ತಿನ ಸಾರಿಗಾಗಿ ಮನೆಯ ದುಡಿಯುವ ಕೈ ಜೈಲು ಸೇರಿದರೆ ಮಕ್ಕಳ ಗತಿಯೇನು?

"ಇದು ಸರಕಾರದ ಕಾನೂನು, ಶರೀಅತ್ ಅಲ್ಲವಲ್ಲ" ಎನ್ನುವವರಿದ್ದಾರೆ. ಅಲ್ ಮಾಇದಃ ಅಧ್ಯಾಯದ ಮೊದಲ ಸೂಕ್ತವನ್ನು ಅವರು ಓದಲಿ. ಕರಾರುಗಳನ್ನು ಪೂರೈಸಿರಿ ಎಂಬ ಆಜ್ಞೆಯಿಂದ ಅದು ಆರಂಭವಾಗುತ್ತದೆ, ಅದೇ ಸೂಕ್ತದಲ್ಲಿ ಬೇಟೆಯ ಮಿತಿಯ ಮಾತೂ ಬರುತ್ತದೆ. ಒಂದು ನಾಡಿನ ಪ್ರಜೆಯಾಗಿ ಬದುಕುವುದೂ ಒಂದು ಕರಾರು. ನಮ್ಮನ್ನು ಪಾಪಕ್ಕೆ ಒತ್ತಾಯಿಸದ, ಎಲ್ಲರ ಹಿತ ಕಾಯುವ ಕಾನೂನನ್ನು ಕತ್ತಲೆಯಲ್ಲಿ ಮುರಿಯುವುದು ಸತ್ಯವಿಶ್ವಾಸಿಗೆ ಶೋಭಿಸದು. ಪ್ರಾಣಿ ಹಲಾಲ್ ಆಗಿರುವುದು ಬೇರೆ, ಅದನ್ನು ಪಡೆದ ದಾರಿ ಹಲಾಲ್ ಆಗಿರುವುದು ಬೇರೆ.

ಹಿತದ ಮಾತು ಬರೀ ಮಾತಲ್ಲ. 2019-20ರಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಎಳೆಯ ಮಕ್ಕಳೂ ಬಲಿಯಾದ ನೋವು ನಮಗೆ ನೆನಪಿದೆ. ಆ ಘಟನೆಗಳಿಗೆ ಕಾರಣಗಳು ಹಲವಿರಬಹುದು. ಆದರೆ ಮೊಲ, ಕಾಡುಹಂದಿ, ನವಿಲು ಚಿರತೆಯ ಆಹಾರ. ಕುರುಚಲು ಕಾಡಿನಲ್ಲಿ ಅವು ಬರಿದಾದರೆ ಅದು ನಾಯಿ, ಮೇಕೆ ಹುಡುಕಿ ಊರಿಗೆ ಬರುತ್ತದೆ. ಹಂದಿಗೆಂದು ಹಾಕಿದ ಉರುಳಿಗೆ ಚಿರತೆಯೇ ಸಿಕ್ಕಿ ನರಳಿದ ಪ್ರಸಂಗಗಳು ನಮ್ಮ ರಾಜ್ಯದಲ್ಲಿ ಹಲವು. ಇತ್ತ ಇದೇ ಜಿಲ್ಲೆಯ ಮಧುಗಿರಿ ತಾಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಲ್ಪಟ್ಟು, ಕೃಷ್ಣಮೃಗಗಳಿಗೆ ಆಸರೆಯಾಗಿದೆ. ಬೇಟೆಯಾಡದೆ ಬಿಟ್ಟರೆ ಅಲ್ಲಾಹನ ಸೃಷ್ಟಿ ಹೇಗೆ ಬೆಳೆಯುತ್ತದೆಂದು ಮಕ್ಕಳಿಗೆ ತೋರಿಸಲು ಒಮ್ಮೆ ಅಲ್ಲಿಗೆ ಹೋಗಿ ಬನ್ನಿರಿ.

ಹಾಗಾದರೆ ಬಿಲ್ಲನ್ನು ಏನು ಮಾಡುವುದು?

ಮೂಲೆಗೆ ಎಸೆಯಬೇಕಿಲ್ಲ. ಹುಲ್ಲಿನ ಗುರಿಯ ಮುಂದೆ ಹಿಡಿಯಿರಿ. ಬಿಲ್ಲುಗಾರಿಕೆ ಇಂದು ದೊಡ್ಡ ಕ್ರೀಡೆ. ನಮ್ಮ ದೇಶದ ಸ್ಪರ್ಧೆಗಳಲ್ಲಿ ಸಾಂಪ್ರದಾಯಿಕ ಬಿಲ್ಲಿಗೆಂದೇ 'ಇಂಡಿಯನ್ ರೌಂಡ್' ಎಂಬ ವಿಭಾಗವಿದೆ. ಕಲಿಯುವವರಿಗೆ ಕೆಲವು ಸೂಚನೆಗಳು:

ಹಗುರ ಬಿಲ್ಲಿನಿಂದ ಆರಂಭಿಸಿ. ಪೂರ್ತಿ ಸೆಳೆದು ಕೈ ನಡುಗದೆ ನಾಲ್ಕೈದು ಎಣಿಸುವಷ್ಟು ನಿಲ್ಲಿಸಲಾಗದಿದ್ದರೆ ಆ ಬಿಲ್ಲು ನಿಮಗೆ ಹೆಚ್ಚಾಯಿತು.

ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡಿ, ಬಿಲ್ಲು ಸೀಳಬಹುದು. ಕೆಲಸ ಮುಗಿದ ಮೇಲೆ ಹೆದೆ ಇಳಿಸಿ, ಬಿಸಿಲು ಮತ್ತು ತೇವ ತಾಗದಂತೆ ಇಡಿ.

ಪ್ರತಿ ಬಾಣವನ್ನೂ ಮೆಲ್ಲನೆ ಬಾಗಿಸಿ ನೋಡಿ. ಚಿಟಕ್ ಎಂದರೆ, ಬಿರುಕು ಕಂಡರೆ ಆ ಬಾಣ ಬೇಡ. ಅದು ನಿಮ್ಮ ಕೈಗೇ ಚುಚ್ಚೀತು.

ಗುರಿಗೆ ಪಕ್ಕವಾಗಿ ನಿಲ್ಲಿ. ಸೆಳೆದ ಕೈ ಪ್ರತಿ ಸಲವೂ ತುಟಿಯ ಅಂಚು ಅಥವಾ ಗಲ್ಲದ ಒಂದೇ ಜಾಗಕ್ಕೆ ಬಂದು ನಿಲ್ಲಲಿ. ಹೆದೆಯನ್ನು ಕಿತ್ತಂತೆ ಬಿಡಬೇಡಿ. ಬೆರಳು ಸಡಿಲಿಸಿ, ಅದು ತಾನೇ ಜಾರಲಿ. ಬಾಣ ನಾಟುವವರೆಗೆ ಬಿಲ್ಲಿನ ಕೈ ಇಳಿಸಬೇಡಿ.

ಹತ್ತು ಹೆಜ್ಜೆಯಿಂದ ಆರಂಭಿಸಿ. ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಲಿ. ಆಕಾಶಕ್ಕೆ ಎಂದೂ ಬಾಣ ಬಿಡಬೇಡಿ. ಎಲ್ಲರೂ ಬಿಲ್ಲು ಕೆಳಗಿಟ್ಟ ಮೇಲೆಯೇ ಬಾಣ ತರಲು ಹೋಗಿ.

ಕೊನೆಯ ಸೂಚನೆ ಪ್ರವಾದಿವರ್ಯರದೇ(ಸ). ಮಸೀದಿಯಲ್ಲೋ ಪೇಟೆಯಲ್ಲೋ ಬಾಣ ಹಿಡಿದು ನಡೆಯುವವನು ಯಾರಿಗೂ ತಗಲದಂತೆ ಅದರ ಮೊನೆಯನ್ನು ಮುಷ್ಟಿಯಲ್ಲಿ ಹಿಡಿಯಬೇಕು. ಇಡೀ ಬಾಣವಿದ್ಯೆಯ ಸಾರ ಇದರಲ್ಲಿದೆ. ನಮ್ಮ ಕೈಯಲ್ಲಿರುವ ಶಕ್ತಿಯಿಂದ ಇನ್ನೊಬ್ಬನಿಗೆ ಗೀರೂ ಆಗಬಾರದು.

ಆ ಯುವಕನಿಗೆ ನಾನು ಹೇಳಿದ್ದು ಇಷ್ಟೇ: "ಮಾಮೂ ಬಿಸ್ಮಿಲ್ಲಾಹ್ ಹೇಳಿದ್ದು ಒಳ್ಳೆಯದೇ, ಬೇಟಾ. ಆದರೆ ನಿಮ್ಮ ಅಮ್ಮ ಪರೀಕ್ಷೆಯಲ್ಲಿ ಗೆದ್ದಿದ್ದಾರೆ. ಮನೆಬಾಗಿಲಿಗೆ ಬಂದ ಬೇಟೆಯನ್ನು ಅವರು ಬಿಟ್ಟರು. ಮಾಮೂ ಅವರನ್ನು ನಿಂದಿಸಬೇಡ. ಅಸರ್ ನಂತರ ಅವರ ಕೈ ಹಿಡಿದು ಬಯಲಿಗೆ ಕರೆದುಕೊಂಡು ಹೋಗು, ಹುಲ್ಲಿನ ಗುರಿ ಕಟ್ಟು, ಅವರಿಂದಲೇ ಬಿಲ್ಲು ಕಲಿ."

ಯುವಕ ನಗುತ್ತಾ ತಲೆಯಾಡಿಸಿದ. ನಮ್ಮ ಮನೆಗಳಲ್ಲೂ ಇಂದಲ್ಲ ನಾಳೆ ಯಾವುದಾದರೊಂದು ಬೇಟೆ ಕೈಗೆಟಕುವಷ್ಟು ಹತ್ತಿರ ಬರುತ್ತದೆ. ಅದು ಮೊಲವೇ ಆಗಿರಬೇಕಿಲ್ಲ. ಅಂಗಡಿಯ ತಕ್ಕಡಿ, ಕಚೇರಿಯ ಕಡತ, ಯಾರೋ ಮರೆತುಹೋದ ಹಣದ ಚೀಲವೂ ಆಗಬಹುದು. ಆಗ ಕೈ ತಡೆಯುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.