ಬಿಟ್ಟುಬಿಟ್ಟ ಸಾಲವೂ ಹೊಸದಾಗುವ ಹೃದಯವೂ

ಓದತಕ್ಕ ಭಾಗ: ಮತ್ತಾಯನು 18ನೆಯ ಅಧ್ಯಾಯ, 21ರಿಂದ 35ರ ವರೆಗೆ



ಜಗಳೂರು ಸೀಮೆಯ ಸೊಕ್ಕೆಯಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ ಮಳೆಯ ಬೆಲೆಯನ್ನು ಅರಿಯದವರಿಲ್ಲ. ಉಳದೆ ಬಿಟ್ಟ ಗಟ್ಟಿ ನೆಲದ ಮೇಲೆ ಎಷ್ಟು ಸುರಿದರೂ ನೀರು ಹರಿದು ಹಳ್ಳವನ್ನು ಸೇರುವದು. ಉತ್ತ ಹೊಲವಾದರೋ ಅದನ್ನು ಕುಡಿದು ಬೀಜವನ್ನು ಮೊಳೆಯಿಸುವದು. ದೇವರ ಕ್ಷಮೆಯ ವಿಷಯವೂ ಹೀಗೆಯೇ ಎಂಬದನ್ನು ಈ ಪಾಠದಲ್ಲಿ ಕಲಿಯೋಣ.

ತಪ್ಪು ಮಾಡಿದ ಸಹೋದರನನ್ನು ಎಷ್ಟು ಸಾರಿ ಕ್ಷಮಿಸಬೇಕೆಂದು ಪೇತ್ರನು ಕೇಳಿದಾಗ, ಕರ್ತನು ಒಂದು ಸಾಮ್ಯವನ್ನು ಹೇಳಿದನು. ಒಬ್ಬ ಸೇವಕನು ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾಗಿತ್ತು. ಒಂದು ತಲಾಂತೆಂದರೆ ಸುಮಾರು 6,000 ದಿನಗಳ ಕೂಲಿ. ಆದಕಾರಣ ಅವನ ಸಾಲವು 6 ಕೋಟಿ ದಿನಗಳ ಕೂಲಿಯಾಯಿತು. ಒಂದು ದಿನವೂ ಬಿಡದೆ ದುಡಿದರೂ ತೀರಿಸುವದಕ್ಕೆ 1,64,000 ವರುಷಗಳು ಬೇಕು. ಅರಸನು ವಾಯಿದೆ ಕೊಡಲಿಲ್ಲ, ಕಂತು ಕಟ್ಟಲಿಲ್ಲ. ಕನಿಕರಪಟ್ಟು ಎಲ್ಲವನ್ನೂ ಬಿಟ್ಟುಬಿಟ್ಟನು. ಆ ಸೇವಕನೋ ಹೊರಗೆ ಬಂದು, ತನಗೆ 100 ದಿನಗಳ ಕೂಲಿಯಷ್ಟು ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಸುಕಿ ಸೆರೆಗೆ ಹಾಕಿಸಿದನು.

ಸಾಲವು ಹೋಯಿತು, ಹಳೆಯ ಹೃದಯವು ಹೋಗಲಿಲ್ಲ. ತಾನು ಕರುಣೆ ಹೊಂದಿದವನೆಂದು ಅವನು ತಿಳಿಯಲಿಲ್ಲ, ಹೇಗೋ ತಪ್ಪಿಸಿಕೊಂಡವನೆಂದೇ ಎಣಿಸಿದನು. ಬಂದ ಮಳೆಯು ಗಟ್ಟಿ ನೆಲದ ಮೇಲೆ ಹರಿದು ಹೋಯಿತು.

ನಮ್ಮ ವಿಷಯವೇನು? ಬದುವಿನ ಒಂದು ಮೊಳ ನೆಲಕ್ಕಾಗಿ, ಮದುವೆಗೆ ಕರೆಯಲಿಲ್ಲವೆಂಬ ಮಾತಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟು, ಒಂದೇ ದೇವಾಲಯದಲ್ಲಿ ದೂರ ದೂರ ಕೂತು, ಕರ್ತನ ಭೋಜನಕ್ಕೆ ಕೈ ನೀಡುವದುಂಟಲ್ಲವೇ? ನಾವು ಪರರನ್ನು ಕ್ಷಮಿಸಿ ದೇವರ ಕ್ಷಮೆಯನ್ನು ಸಂಪಾದಿಸುವದಿಲ್ಲ. ಅದು ಕ್ರಿಸ್ತನ ಶಿಲುಬೆಯಿಂದ ಬಂದ ದಾನವೇ. ಮೊಳಕೆಯು ಮಳೆಯನ್ನು ತರುವದಿಲ್ಲ. ಆದರೆ ಮಳೆ ನೆಲದೊಳಗೆ ಇಳಿಯಿತೋ ಇಲ್ಲವೋ ಎಂಬದು ಮೊಳಕೆಯಿಂದಲೇ ಗೊತ್ತಾಗುವದು. ಮಾನಸಾಂತರವೇ ಉಳುಮೆ, ಪವಿತ್ರಾತ್ಮನು ಹುಟ್ಟಿಸುವ ಹೊಸ ಜೀವವೇ ಮೊಳಕೆ.

ದೊಡ್ಡ ಅನ್ಯಾಯವನ್ನು ಕ್ಷಮಿಸುವದು ಮನುಷ್ಯರಿಂದಾಗುವದೋ ಎಂದು ಕೆಲವರು ಕೇಳಾರು. ನಮ್ಮ ದೇಶದಲ್ಲಿಯೇ ನಡೆದದ್ದನ್ನು ನೆನಸೋಣ. ಒಡಿಶಾದಲ್ಲಿ 1965ರಿಂದ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಗ್ರಹಾಮ್ ಸ್ಟೇನ್ಸ್ ಎಂಬವರನ್ನೂ 10 ಮತ್ತು 6 ವರುಷದ ಅವರ ಇಬ್ಬರು ಗಂಡುಮಕ್ಕಳನ್ನೂ 1999ನೆಯ ಜನವರಿಯಲ್ಲಿ ಮನೋಹರಪುರದಲ್ಲಿ, ವಾಹನದೊಳಗೆ ಮಲಗಿದ್ದಾಗ ಗುಂಪೊಂದು ಸುಟ್ಟು ಕೊಂದಿತು. ಅವರ ಪತ್ನಿ ಗ್ಲಾಡಿಸ್ ಅಮ್ಮನವರು ಕೊಂದವರನ್ನು ಕ್ಷಮಿಸಿದ್ದೇನೆಂದು ಎಲ್ಲರ ಮುಂದೆ ಹೇಳಿ, ಮಗಳೊಂದಿಗೆ ಅಲ್ಲಿಯೇ ಉಳಿದು, ಕೆಲವು ವರುಷ ಅದೇ ರೋಗಿಗಳ ಸೇವೆಯನ್ನು ನಡಿಸಿದರು. ನ್ಯಾಯಾಲಯವು ತನ್ನ ಕೆಲಸವನ್ನು ಮಾಡಿತು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2011ರಲ್ಲಿ ಸ್ಥಿರಪಡಿಸಿತು. ಕ್ಷಮೆಯು ನ್ಯಾಯಕ್ಕೆ ಅಡ್ಡಿಯಲ್ಲ. ಹೃದಯದಿಂದ ಹಗೆಯನ್ನು ಕೀಳುವದೇ ಅದರ ಕೆಲಸ.

ಹೀಗಿರಲಾಗಿ, ಮುಂದಿನ ಕರ್ತನ ಭೋಜನಕ್ಕೆ ಮೊದಲು ನಾವು ಮಾತು ಬಿಟ್ಟವರ ಮನೆಗೆ ಹೋಗೋಣ. ಅವರೇ ಮೊದಲು ಬರಲಿ ಎಂದು ಕಾಯುವದು ಬೇಡ. ಅರಸನೇ ಮೊದಲು ಕನಿಕರಪಟ್ಟನಲ್ಲವೇ?

ಯೋಚಿಸತಕ್ಕ ಪ್ರಶ್ನೆಗಳು: ಸೇವಕನ ಸಾಲವು ಹೋದರೂ ಅವನು ಹೊಸಬನಾಗಲಿಲ್ಲವೇಕೆ? ನಾವು ಇನ್ನೂ ಹಿಡಿದುಕೊಂಡಿರುವ 100 ದಿನದ ಸಾಲ ಯಾವದು?

ಕರ್ತನೇ, ನಮ್ಮ ಗಟ್ಟಿ ನೆಲವನ್ನು ಉತ್ತು ನಿನ್ನ ಕರುಣೆಯನ್ನು ಒಳಗೆ ಇಳಿಸು. ಆಮೆನ್.