ಬೇಸಗೆಯಲ್ಲಿ ಕರೆಯುವ ಹಸುಗಳಿಗೆ ಕುಡಿಯುವ ನೀರು

ಮಾರ್ಚಿ ತಿಂಗಳಿನಿಂದ ಮಳೆ ಹಿಡಿಯುವವರೆಗೂ ಕರೆಯುವ ಹಸುಗಳಲ್ಲಿ ಹಾಲು ಕಡಮೆಯಾಗುವುದನ್ನು ರೈತರೆಲ್ಲರೂ ಬಲ್ಲರು. ಇದಕ್ಕೆ ಕೆಲವರು ಹಸಿಮೇವಿನ ಅಭಾವವೊಂದೇ ಕಾರಣವೆಂದು ತಿಳಿದು ಹಿಂಡಿ, ಹತ್ತಿಕಾಳುಗಳಿಗೆ ಹೆಚ್ಚು ಹಣವನ್ನು ವೆಚ್ಚಮಾಡುವರು. ಮತ್ತೆ ಕೆಲವರು ದೃಷ್ಟಿ ತಗುಲಿತೆನ್ನುವರು. ಮೇವಿನ ಅಭಾವವು ನಿಜವಾದ ಕಾರಣವೇ. ಆದರೆ ಹಿಂಡಿಗೆ ಹಣ ಸುರಿಯುವವರು ಬಿಸಿಲಿನಲ್ಲಿರುವ ನೀರಿನ ತೊಟ್ಟಿಯನ್ನು ಒಂದು ದಿನವಾದರೂ ಕೈಯಿಟ್ಟು ನೋಡದಿರುವುದು ಆಶ್ಚರ್ಯಕರವು.

ಹಾಲಿನಲ್ಲಿ ನೂರಕ್ಕೆ 87 ಭಾಗದಷ್ಟು ನೀರೇ ಇರುವುದು. ದಿನಕ್ಕೆ 10 ಲೀಟರು ಹಾಲು ಕೊಡುವ ಮಿಶ್ರತಳಿಯ ಹಸುವು ಬೇಸಗೆಯಲ್ಲಿ 60 ಲೀಟರು ನೀರನ್ನಾದರೂ ಕುಡಿಯುವುದು. ಹಸುವಿನ ದೇಹದ ಉಷ್ಣವು ಸುಮಾರು 38.5 ಡಿಗ್ರಿ ಸೆಂಟಿಗ್ರೇಡು. ತಿಂದ ಮೇವು ಹೊಟ್ಟೆಯಲ್ಲಿ ಹುಳಿಯುವಾಗ ಹುಟ್ಟುವ ಶಾಖವನ್ನು ಅದು ಬೆವರಿನಿಂದಲೂ ಉಸಿರಿನಿಂದಲೂ ಹೊರಹಾಕಬೇಕು. ಸುತ್ತಲಿನ ಗಾಳಿಯೇ ಕಾದಿರುವಾಗ ಈ ಕಾರ್ಯವು ಸಾಗದೆ, ಹಸುವು ಮೇವನ್ನೇ ಕಡಮೆಮಾಡುವುದು, ಹಾಲು ಇಳಿಯುವುದು.

1 ಲೀಟರು ನೀರು 1 ಡಿಗ್ರಿ ಬಿಸಿಯಾಗಲು 1 ಕಿಲೋಕ್ಯಾಲೊರಿ ಶಾಖವು ಬೇಕು. ಆದ್ದರಿಂದ 35 ಡಿಗ್ರಿಯ ನೀರಿಗೆ ಬದಲಾಗಿ 25 ಡಿಗ್ರಿಯ ನೀರನ್ನು 60 ಲೀಟರು ಕುಡಿದಲ್ಲಿ ಹಸುವಿನ ದೇಹದಿಂದ 600 ಕಿಲೋಕ್ಯಾಲೊರಿ ಶಾಖವು ಹೆಚ್ಚಾಗಿ ಕಳೆಯುವುದು. ಇದು ಸುಮಾರು 1 ಲೀಟರು ಬೆವರು ಆರಿದುದಕ್ಕೆ ಸಮ. ದಿನದ ಒಟ್ಟು ಶಾಖದಲ್ಲಿ ಇದು ಅಲ್ಪಭಾಗವೇ ಸರಿ. ಅಮೆರಿಕೆಯ ಟೆಕ್ಸಾಸಿನಲ್ಲಿ ನಡೆದು 1990ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸುಮಾರು 10 ಡಿಗ್ರಿಗೆ ತಣಿಸಿದ ನೀರನ್ನು ಕುಡಿದ ಹೋಲ್‌ಸ್ಟೀನ್ ಹಸುಗಳು ಹೆಚ್ಚು ಮೇವು ತಿಂದು ಸ್ವಲ್ಪ ಹೆಚ್ಚು ಹಾಲನ್ನೂ ಕೊಟ್ಟವು. ಆದರೆ ಎರಡು ಬಗೆಯ ನೀರನ್ನೂ ಎದುರಿಗಿಟ್ಟಾಗ ಅವು 27 ಡಿಗ್ರಿಯದನ್ನೇ ಬಯಸಿದವು! ಆದಕಾರಣ ಮಂಜುಗಡ್ಡೆಗಾಗಲಿ ತಣಿಸುವ ಯಂತ್ರಕ್ಕಾಗಲಿ ಸಾಲಮಾಡುವುದು ನಮ್ಮ ರೈತರಿಗೆ ಉಚಿತವಲ್ಲ.

ತೆರೆದ ಬಾವಿಯ ನೀರು ವರ್ಷವೆಲ್ಲಾ ಆ ಸ್ಥಳದ ಸರಾಸರಿ ಉಷ್ಣಕ್ಕೆ ಸಮೀಪವಾಗಿರುವುದು. ಮೈಸೂರು, ಕೋಲಾರದ ಸೀಮೆಗಳಲ್ಲಿ 25 ಡಿಗ್ರಿಯ ಆಸುಪಾಸು. ಸಾವಿರ ಅಡಿಯ ಕೊಳವೆಬಾವಿಯ ನೀರು ಭೂಮಿಯ ಒಳಶಾಖದಿಂದ ಕೊಂಚ ಬೆಚ್ಚಗಿರುವುದರಿಂದ ಅದನ್ನು ರಾತ್ರಿ ತೊಟ್ಟಿಯಲ್ಲಿ ತಣಿಯಬಿಡಬೇಕು. ಹೀಗೆ ಒದಗಿದ ತಂಪನ್ನು ಕೆಡಿಸುವವರು ನಾವೇ. ಬೆಳಿಗ್ಗೆ ತುಂಬಿಟ್ಟ ಕಬ್ಬಿಣದ ಪೀಪಾಯಿಯ ನೀರು ಮಧ್ಯಾಹ್ನಕ್ಕೆ ಬಿಸಿಯೇರಿ, ಹಸುವು ಬೇಕಾದಷ್ಟನ್ನು ಕುಡಿಯದೆ ಮೂತಿಯನ್ನು ಹಿಂದೆಗೆಯುವುದು. ನಷ್ಟದ ಮೂಲವು ಇಲ್ಲಿದೆ.

ತೊಟ್ಟಿಯು ಹೊಂಗೆ ಅಥವಾ ಬೇವಿನ ನೆರಳಿನಲ್ಲಿರಬೇಕು. ಮರವಿಲ್ಲದಿದ್ದರೆ ತೆಂಗಿನ ಗರಿಯ ಚಪ್ಪರವು ಸಾಕು. ಪೀಪಾಯಿಗೆ ಒದ್ದೆಯ ಗೋಣಿಯನ್ನು ಸುತ್ತಿದರೆ ಚಿತ್ರದುರ್ಗ, ರಾಯಚೂರುಗಳ ಒಣಗಾಳಿಯಲ್ಲಿ ನೀರು ಚೆನ್ನಾಗಿ ತಣಿಯುವುದು. ಕರಾವಳಿಯ ತೇವದ ಗಾಳಿಯಲ್ಲಿ ಇದರಿಂದ ಹೆಚ್ಚು ಫಲವಿಲ್ಲ. ಬಿಸಿಲಿನಲ್ಲಿ ಬಿದ್ದ ಕಪ್ಪು ಕೊಳವೆಯಿಂದ ಮೊದಲು ಬರುವ ಬಿಸಿನೀರನ್ನು ಗಿಡಗಳಿಗೆ ಬಿಟ್ಟು, ಆಮೇಲೆ ತೊಟ್ಟಿಗೆ ತಿರುಗಿಸತಕ್ಕದ್ದು. ಹಾಲು ಕರೆದೊಡನೆಯೂ ಮೇವು ತಿಂದ ಮೇಲೆಯೂ ಹಸುವು ಹೆಚ್ಚಾಗಿ ಕುಡಿಯುವುದರಿಂದ ಆ ಹೊತ್ತಿಗೆ ಹೊಸ ನೀರಿರಬೇಕು. ಪಾಚಿಯನ್ನು ಉಜ್ಜಿ ತೆಗೆದು ಒಳಗೆ ಸುಣ್ಣ ಬಳಿಯುವುದು ಒಳ್ಳೆಯದು. ಹಳ್ಳಿಕಾರ್, ಅಮೃತಮಹಲ್ ದನಗಳು ಬಿಸಿಲನ್ನು ಬಹಳಮಟ್ಟಿಗೆ ತಾಳುವುವು. ಮಿಶ್ರತಳಿಯ ಹಸುಗಳಿಗೆ ಆ ಶಕ್ತಿ ಕಡಮೆ.

ಊರಿನ ಸಾಮಾನ್ಯ ತೊಟ್ಟಿಗೆ ಗ್ರಾಮದ ಮುಖಂಡರು ಶಿವರಾತ್ರಿಯೊಳಗಾಗಿಯೇ ಚಪ್ಪರವನ್ನು ಹಾಕಿಸಬೇಕು. ಯುಗಾದಿಯವರೆಗೆ ಕಾದರೆ ಬಿಸಿಲು ಆಗಲೇ ಬಲಿತಿರುವುದು.